ಕಂಪವಾತದ ಕಾರಣವನ್ನು ಅರಸಿದವರು

ನಮ್ಮ ಸಂಘದ ಹಳೆಯ ನಡವಳಿ ಪುಸ್ತಕಗಳನ್ನು ಈಚೆಗೆ ತಿರುವಿ ಹಾಕುತ್ತಿದ್ದಾಗ ಒಂದು ಸಂಗತಿ ನಮ್ಮ ಕಣ್ಣಿಗೆ ಬಿದ್ದಿತು. ಬಹುಕಾಲ ಕಾರ್ಯದರ್ಶಿಗಳಾಗಿದ್ದ ಹಿರಿಯ ಉಪಾಧ್ಯಾಯರೊಬ್ಬರ ಬರಹವು ಮೊದಲ ಪುಟಗಳಲ್ಲಿ ಮುತ್ತು ಪೋಣಿಸಿದಂತಿದೆ. ನಮಗೆ ಅಕ್ಷರ ತಿದ್ದಿಸಿದವರೂ ಅವರೇ ಆದುದರಿಂದ ಆ ಬರಹವನ್ನು ನಾವು ಎಲ್ಲಿ ಕಂಡರೂ ಗುರುತಿಸಬಲ್ಲೆವು. ವರ್ಷಗಳು ಕಳೆದಂತೆ ಆ ಅಕ್ಷರಗಳು ಕಿರಿದಾಗುತ್ತ ಹೋಗಿವೆ. ಸಾಲಿನ ಆರಂಭದಲ್ಲಿ ಓದುವಷ್ಟಿದ್ದ ಅಕ್ಷರವು ಅಂಚಿಗೆ ಬರುವಷ್ಟರಲ್ಲಿ ಸಾಸಿವೆ ಕಾಳಿನಷ್ಟಾಗಿದೆ. ಕೊನೆಯ ಎರಡು ವರ್ಷಗಳ ವರದಿಯನ್ನಂತೂ ಭೂತಗನ್ನಡಿಯಿಲ್ಲದೆ ಓದಲಾಗದು.

ಆ ದಿನಗಳಲ್ಲಿ ಇದರ ಅರ್ಥ ನಮಗಾರಿಗೂ ಹೊಳೆಯಲಿಲ್ಲ. ಮಾಸ್ತರರ ಮುಖದಲ್ಲಿ ಮೊದಲಿನ ನಗು ಕಾಣದಾದಾಗ ಅವರಿಗೆ ಸಂಘದ ಮೇಲೆ ಬೇಸರ ಬಂದಿದೆಯೆಂದು ಕೆಲವರು ಅಂದರು. ಮುಪ್ಪಿನಲ್ಲಿ ಬಿಗುಮಾನ ಬಂದಿತೆಂದು ಮತ್ತೆ ಕೆಲವರು ಆಡಿಕೊಂಡರು. ನಾವು ಅದನ್ನು ಕೇಳಿ ಸುಮ್ಮನಿದ್ದವರು. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಮಾತ್ರೆ ಹೊಸೆಯುವಂತೆ ಅಲುಗಾಡತೊಡಗಿದ ಮೇಲೆಯೇ ವೈದ್ಯರಲ್ಲಿಗೆ ಹೋದದ್ದು. ಅದು ಪಾರ್ಕಿನ್ಸನ್ ರೋಗ, ಹಿಂದಿನವರ ಮಾತಿನಲ್ಲಿ ಕಂಪವಾತ, ಎಂಬುದು ಆಮೇಲೆ ತಿಳಿಯಿತು. ಅಕ್ಷರ ಕಿರಿದಾಗುವುದೂ ಮುಖ ಬಿಗಿಯುವುದೂ ಆ ರೋಗದ ಲಕ್ಷಣಗಳೇ ಎಂಬುದು ನಮಗೆ ಗೊತ್ತಾದಾಗ ಮಾಸ್ತರರು ಹಾಸಿಗೆ ಹಿಡಿದಿದ್ದರು.

ಈ ಪಶ್ಚಾತ್ತಾಪವೇ ಪ್ರಕೃತ ಲೇಖನಕ್ಕೆ ಪ್ರೇರಣೆ. ಈ ರೋಗದ ಕಾರಣವನ್ನು ಯಾರು ಯಾರು, ಹೇಗೆ ಹೇಗೆ ಅರಸಿದರೆಂಬ ಇತಿಹಾಸವನ್ನು ನಾವು ಓದಿ ತಿಳಿದ ಮಟ್ಟಿಗೆ ವಾಚಕರ ಮುಂದಿಡುತ್ತೇವೆ. ನಾವು ವೈದ್ಯರಲ್ಲ, ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ತಪ್ಪಿದ್ದರೆ ಬಲ್ಲವರು ತಿದ್ದಬೇಕೆಂದು ಅರಿಕೆ.

ಮೊದಲ ವರ್ಣನೆ

ನಡುಕದ ಬೇನೆ ಹೊಸತಲ್ಲ. ಮಾಧವನಿದಾನದಲ್ಲಿ ವೇಪಥು ಎಂಬ ಹೆಸರಿನಿಂದ ಅದರ ಪ್ರಸ್ತಾಪವುಂಟು. ಆದರೆ ಅದನ್ನು ಮಿಕ್ಕ ನಡುಕಗಳಿಂದ ಬೇರ್ಪಡಿಸಿ, ಒಂದು ಸ್ವತಂತ್ರ ರೋಗವೆಂದು ಆಧುನಿಕ ವೈದ್ಯಕ್ಕೆ ತೋರಿಸಿಕೊಟ್ಟವರು ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್. ೧೮೧೭ರಲ್ಲಿ ಅವರು ಪ್ರಕಟಿಸಿದ ಚಿಕ್ಕ ಪ್ರಬಂಧದಲ್ಲಿರುವ ರೋಗಿಗಳು ಆರೇ ಮಂದಿ. ಅವರಲ್ಲಿಯೂ ಕೆಲವರನ್ನು ಅವರು ಕಂಡದ್ದು ಬೀದಿಯಲ್ಲಿ. ಮುಂದಕ್ಕೆ ಬಾಗಿದ ಮೈ, ವಿಶ್ರಾಂತಿಯಲ್ಲಿರುವಾಗ ಕಾಣುವ ನಡುಕ, ನಡೆಯಹೊರಟರೆ ಓಡುವಂತಾಗುವ ಹೆಜ್ಜೆ, ಇವನ್ನೆಲ್ಲ ಅವರು ಬಿಡದೆ ಬರೆದರು. ಕಾರಣವನ್ನು ಮಾತ್ರ ತಾವು ಕಂಡುಹಿಡಿದಿಲ್ಲವೆಂದು, ಶವಪರೀಕ್ಷೆಯ ಅನುಕೂಲವುಳ್ಳವರು ಮುಂದೆ ಅದನ್ನು ಹುಡುಕಬೇಕೆಂದು ವಿನಯದಿಂದ ಒಪ್ಪಿಕೊಂಡರು. ಹಲವು ದಶಕಗಳ ತರುವಾಯ ಪ್ಯಾರಿಸಿನ ಮಹಾವೈದ್ಯ ಶಾರ್ಕೋ ಅವರು ಈ ರೋಗಕ್ಕೆ ಪಾರ್ಕಿನ್ಸನ್ನರ ಹೆಸರನ್ನಿಟ್ಟರು.

ಶವಪರೀಕ್ಷೆಯ ಕಾಲವೂ ಬಂದಿತು. ೧೯೧೨ರಲ್ಲಿ ಜರ್ಮನಿಯ ಫ್ರೆಡ್ರಿಕ್ ಲೆವಿ ಎಂಬವರು ಇಂತಹ ರೋಗಿಗಳ ಮೆದುಳಿನ ನರಕೋಶಗಳೊಳಗೆ ದುಂಡನೆಯ ಕಣಗಳನ್ನು ಕಂಡರು. ೧೯೧೯ರಲ್ಲಿ ಪ್ಯಾರಿಸಿನಲ್ಲಿ ಟ್ರೆಟಿಯಾಕಾಫ್ ಎಂಬ ತರುಣನು ತನ್ನ ಪದವಿಯ ಪ್ರಬಂಧದಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟನು. ಮೆದುಳಿನ ಬುಡದಲ್ಲಿ ಕಪ್ಪು ಬಣ್ಣದ ನರಕೋಶಗಳ ಒಂದು ಚಿಕ್ಕ ಪಟ್ಟಿಯುಂಟು. ಅದನ್ನು ಕೃಷ್ಣದ್ರವ್ಯ ಎನ್ನೋಣ. ಕಂಪವಾತದವರಲ್ಲಿ ಈ ಪಟ್ಟಿ ಬಿಳಿಚಿಕೊಂಡಿರುವುದನ್ನೂ ಅಲ್ಲಿಯ ಕೋಶಗಳು ಸತ್ತಿರುವುದನ್ನೂ ಅವನು ತೋರಿಸಿದನು. ಆದರೆ ಆ ಕಪ್ಪು ಕೋಶಗಳು ಬದುಕಿರುವಾಗ ಮಾಡುವ ಕೆಲಸವೇನು? ಇದಕ್ಕೆ ಉತ್ತರ ದೊರೆಯಲು ಮತ್ತೆ ನಾಲ್ಕು ದಶಕಗಳು ಬೇಕಾದವು. ಆ ಉತ್ತರದ ಹಾದಿ ನಮ್ಮ ದೇಶದ ಒಂದು ಬೇರಿನ ಮೂಲಕ ಹಾದುಹೋಯಿತೆಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದ ಸಂಗತಿ.

ನಮ್ಮ ಬೇರು, ನಮ್ಮ ಬೀಜ

ಸರ್ಪಗಂಧವೆಂಬ ಗಿಡದ ಬೇರನ್ನು ಉನ್ಮಾದಕ್ಕೂ ನಿದ್ದೆಯಿಲ್ಲದಿರುವಿಕೆಗೂ ನಮ್ಮಲ್ಲಿ ಹಿಂದಿನಿಂದ ಬಳಸುತ್ತಿದ್ದರು. ೧೯೩೧ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬವರು ಈ ಬೇರು ರಕ್ತದ ಒತ್ತಡವನ್ನೂ ತಗ್ಗಿಸುವುದೆಂದು ಬರೆದರು. ಅದೇ ವರ್ಷ ದಿಲ್ಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿಯವರು ಅದರಿಂದ ಹಲವು ಸಾರಗಳನ್ನು ಬೇರ್ಪಡಿಸಿದರು. ಮುಂಬಯಿಯ ರುಸ್ತುಂ ಜಾಲ್ ವಕೀಲರು ೧೯೪೯ರಲ್ಲಿ ತಮ್ಮ ರೋಗಿಗಳ ಅನುಭವವನ್ನು ಇಂಗ್ಲೆಂಡಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಪಶ್ಚಿಮದವರ ಗಮನ ಇತ್ತ ಹರಿಯಿತು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸೀಬಾ ಕಂಪನಿಯ ರಸಾಯನ ಪಂಡಿತರು ಆ ಬೇರಿನಿಂದ ರಿಸರ್ಪಿನ್ ಎಂಬ ಶುದ್ಧ ವಸ್ತುವನ್ನು ತೆಗೆದರು. ಅದು ಔಷಧವಾಗಿ ಲೋಕದಲ್ಲೆಲ್ಲ ಹರಡಿತು. ಆಗ ಒಂದು ವಿಚಿತ್ರ ಕಾಣಿಸಿಕೊಂಡಿತು: ಈ ಮದ್ದನ್ನು ಹೆಚ್ಚಾಗಿ ಸೇವಿಸಿದವರಲ್ಲಿ ಕೆಲವರಿಗೆ ಮೈ ಬಿಗಿದು, ಕೈ ನಡುಗಿ, ಥಟ್ಟನೆ ನೋಡಿದರೆ ಕಂಪವಾತವೇ ಎನ್ನಿಸುವಂತಾಗುತ್ತಿತ್ತು. ಮದ್ದನ್ನು ನಿಲ್ಲಿಸಿದರೆ ಹೋಗುತ್ತಿತ್ತು.

ಇನ್ನೊಂದು ಬೀಜದ ಕಥೆಯನ್ನೂ ಇಲ್ಲಿ ಹೇಳಬೇಕು. ೧೯೧೩ರಲ್ಲಿ ಬಾಸೆಲಿನಲ್ಲಿಯೇ ಮಾರ್ಕುಸ್ ಗುಗೆನ್‌ಹೈಮ್ ಎಂಬವರು ಅವರೆಯ ಜಾತಿಯ ಒಂದು ಕಾಳಿನಿಂದ ಎಲ್-ಡೋಪಾ ಎಂಬ ವಸ್ತುವನ್ನು ಬೇರ್ಪಡಿಸಿದ್ದರು. ಅದರ ಗುಣವನ್ನು ತಿಳಿಯಲೆಂದು ತಾವೇ ಎರಡೂವರೆ ಗ್ರಾಮಿನಷ್ಟನ್ನು ನುಂಗಿ, ವಾಂತಿ ಮಾಡಿಕೊಂಡರು. ಹೇಳಿಕೊಳ್ಳುವಂತಹ ಗುಣವೇನೂ ಇಲ್ಲವೆಂದು ಆ ವಸ್ತುವನ್ನು ಕೈಬಿಟ್ಟದ್ದಾಯಿತು. ೧೯೩೭ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಜೀವರಸಾಯನ ಪ್ರಯೋಗಶಾಲೆಯಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಇಬ್ಬರು ಅದೇ ವಸ್ತುವನ್ನು ನಸುಗುನ್ನಿಯ ಬೀಜದಿಂದ ತೆಗೆದರು. ಗುಡ್ಡದ ಬೇಲಿಗಳಲ್ಲಿ ಹಬ್ಬುವ ಈ ಬಳ್ಳಿ ನಮ್ಮ ಶಾಲೆಯ ಮಕ್ಕಳಿಗೆಲ್ಲ ಪರಿಚಿತ. ಅದರ ಕಾಯಿಯ ಸುಂಕು ತಗಲಿ ಮೈಯೆಲ್ಲ ತುರಿಸಿಕೊಳ್ಳದ ಹುಡುಗರು ಕಡಮೆ. ನಮ್ಮ ಕಾಸರಗೋಡು ಸೀಮೆಯು ಆಗ ಮದರಾಸು ಪ್ರಾಂತ್ಯಕ್ಕೇ ಸೇರಿದ್ದಿತು. ನಮ್ಮ ಬೇಲಿಯ ಮೇಲಿನ ಬೀಜದಲ್ಲಿ ಏನು ಅಡಗಿದೆಯೆಂದು ಅಂದಿನ ನಮ್ಮ ರಾಜಧಾನಿಯಲ್ಲಿಯೇ ಬರೆದಿಟ್ಟದ್ದಾಯಿತು. ಆದರೆ ಅದು ಯಾತಕ್ಕೆ ಒದಗುವುದೆಂಬುದು ಆಗ ಲೋಕದಲ್ಲಿ ಯಾರಿಗೂ ತಿಳಿದಿರಲಿಲ್ಲ.

ಕಲಿತ ಮೇಲಿನ ಕಲಿಕೆ

ಬೇರಿನ ಕಥೆಯನ್ನೂ ಬೀಜದ ಕಥೆಯನ್ನೂ ಒಂದುಗೂಡಿಸಿದವರು ಇಬ್ಬರು ತರುಣ ಸಂಶೋಧಕರು. ಇಬ್ಬರೂ ಡಾಕ್ಟರರಾದ ಮೇಲೆ ಪರದೇಶದ ಬೇರೊಬ್ಬ ಗುರುವಿನ ಪ್ರಯೋಗಶಾಲೆಗೆ ಹೋಗಿ ಮತ್ತೆ ವಿದ್ಯಾರ್ಥಿಗಳಂತೆ ಕುಳಿತವರು. ಡಾಕ್ಟರೇಟೋತ್ತರ ಸಂಶೋಧನೆಯೆಂದು ಇಂದು ಕರೆಯುವ ಈ ಪದ್ಧತಿಯಲ್ಲಿ ಸಂಬಳ ಸ್ವಲ್ಪ, ಅವಧಿ ಚಿಕ್ಕದು, ಮುಂದಿನ ಕೆಲಸ ಅನಿಶ್ಚಿತ. ಆದರೂ ಹೊಸ ವಿಧಾನವೊಂದು ಕೈಗೆ ಹತ್ತುವುದು ಅಲ್ಲಿಯೇ.

ಮೊದಲನೆಯವರು ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್. ಇವರು ೧೯೫೫ರಲ್ಲಿ ಅಮೆರಿಕಕ್ಕೆ ಹೋಗಿ, ಬೆಥೆಸ್ಡಾ ಎಂಬಲ್ಲಿಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಬರ್ನಾರ್ಡ್ ಬ್ರೋಡಿಯವರ ಬಳಿ ಸುಮಾರು ಐದು ತಿಂಗಳು ಕೆಲಸ ಮಾಡಿದರು. ರಿಸರ್ಪಿನ್ ಕೊಟ್ಟರೆ ಮೆದುಳಿನಲ್ಲಿ ಸೆರೊಟೊನಿನ್ ಎಂಬ ವಸ್ತುವು ಬರಿದಾಗುವುದೆಂದು ಬ್ರೋಡಿಯವರ ಬಳಗ ಆಗತಾನೆ ಕಂಡಿತ್ತು. ಅತ್ಯಲ್ಪ ಪ್ರಮಾಣದ ವಸ್ತುವನ್ನು ಅದು ಸೂಸುವ ಬೆಳಕಿನಿಂದ ಅಳೆಯಬಲ್ಲ ಹೊಸ ಯಂತ್ರವೊಂದು ಅಲ್ಲಿತ್ತು. ಕಾರ್ಲ್‌ಸನ್ನರು ಆ ಯಂತ್ರದ ಬಳಕೆಯನ್ನು ಕಲಿತು, ಸ್ವದೇಶದ ಲುಂಡ್ ನಗರಕ್ಕೆ ಹಿಂದಿರುಗಿದರು. ರಿಸರ್ಪಿನ್ ಬೇರೆ ವಸ್ತುಗಳನ್ನೂ ಬರಿದು ಮಾಡುತ್ತಿರಬಹುದೆ ಎಂಬುದು ಅವರ ಪ್ರಶ್ನೆ.

೧೯೫೭ರಲ್ಲಿ ಅವರೂ ಅವರ ಜೊತೆಗಾರರೂ ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ಮೊಲಗಳು ಕಿವಿ ಜೋಲುಬಿಟ್ಟು, ಕದಲದೆ ಬಿದ್ದುಕೊಂಡವು. ಅನಂತರ ಡೋಪಾವನ್ನು ಚುಚ್ಚಿದರು. ಸ್ವಲ್ಪ ಹೊತ್ತಿನಲ್ಲಿಯೇ ಮೊಲಗಳು ಎದ್ದು ಓಡಾಡಿದವು! ದೇಹದಲ್ಲಿ ಡೋಪಾ ಎಂಬುದು ಡೋಪಮೀನ್ ಆಗಿ, ಡೋಪಮೀನ್ ಮುಂದೆ ನಾರ್‌ಅಡ್ರಿನಲಿನ್ ಆಗುವುದೆಂದು ಮೊದಲೇ ತಿಳಿದಿತ್ತು. ಡೋಪಮೀನನ್ನು ಎಲ್ಲರೂ ದಾರಿಯ ನಡುವಿನ ಒಂದು ತಂಗುಕಟ್ಟೆಯೆಂದಷ್ಟೆ ಬಗೆದಿದ್ದರು. ಮೊಲಗಳು ಚೇತರಿಸಿಕೊಂಡಾಗ ಅವುಗಳ ಮೆದುಳಿನಲ್ಲಿ ತುಂಬಿದ್ದುದು ನಾರ್‌ಅಡ್ರಿನಲಿನ್ ಅಲ್ಲ, ಡೋಪಮೀನ್ ಎಂದು ಕಾರ್ಲ್‌ಸನ್ನರು ತೋರಿಸಿದರು. ೧೯೫೯ರಲ್ಲಿ ಲುಂಡಿನ ಬರ್ಟ್ಲರ್ ಮತ್ತು ರೋಸೆನ್‌ಗ್ರೆನ್ ಎಂಬವರು ಮೆದುಳಿನ ಡೋಪಮೀನಿನ ಬಹುಪಾಲು ಸ್ಟ್ರಯೇಟಮ್ ಎಂಬ ಪಟ್ಟೆಪಟ್ಟೆಯ ಭಾಗದಲ್ಲಿ ನೆಲೆಸಿದೆಯೆಂದು ಕಂಡರು. ಮೈಯ ಚಲನೆಯನ್ನು ಹದಗೊಳಿಸುವ ಭಾಗವದು.

ಎಲ್ಲರೂ ಇದನ್ನು ಒಡನೆಯೇ ಒಪ್ಪಿದರೆಂದಲ್ಲ. ೧೯೬೦ರ ಮಾರ್ಚಿಯಲ್ಲಿ ಲಂಡನ್ನಿನಲ್ಲಿ ನಡೆದ ಪಂಡಿತಗೋಷ್ಠಿಯಲ್ಲಿ ಹಿರಿಯ ವಿಜ್ಞಾನಿಗಳು ಕಾರ್ಲ್‌ಸನ್ನರ ಮಾತನ್ನು ನಂಬದೆ ಹೋದರು. ನೊಬೆಲ್ ಪಾರಿತೋಷಕವನ್ನು ಪಡೆದಿದ್ದ ಸರ್ ಹೆನ್ರಿ ಡೇಲ್ ಅವರೂ ಆ ಅಪನಂಬಿಕೆಯ ಪಕ್ಷದಲ್ಲಿದ್ದರು.

ಎರಡನೆಯವರು ವಿಯೆನ್ನಾದ ಒಲೆ ಹೋರ್ನಿಕೀವಿಚ್. ೧೯೨೬ರಲ್ಲಿ, ಈಗ ಉಕ್ರೇನಿಗೆ ಸೇರಿದ ಲ್ವೀವ್ ನಗರದ ಸಮೀಪ ಹುಟ್ಟಿದ ಇವರು ವಿಯೆನ್ನಾದಲ್ಲಿ ವೈದ್ಯ ಪದವಿಯನ್ನು ಪಡೆದು, ೧೯೫೬ರಲ್ಲಿ ಬ್ರಿಟಿಷ್ ಕೌನ್ಸಿಲಿನ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೋದರು. ಅಲ್ಲಿ ಅವರ ಗುರುಗಳು ಹೆರ್ಮನ್ ಬ್ಲಾಷ್ಕೊ. ಹಿಟ್ಲರನ ಆಳ್ವಿಕೆಯಿಂದ ಪಾರಾಗಿ ಇಂಗ್ಲೆಂಡನ್ನು ಸೇರಿದ ಯಹೂದಿ ವಿದ್ವಾಂಸರು. ಡೋಪಮೀನ್ ಬರಿಯ ತಂಗುಕಟ್ಟೆಯಲ್ಲ, ಅದಕ್ಕೆ ತನ್ನದೇ ಆದ ಕೆಲಸವಿರಬೇಕು ಎಂಬ ಊಹೆ ಬ್ಲಾಷ್ಕೊ ಅವರದು. ಇದನ್ನು ಪರೀಕ್ಷಿಸುವ ಭಾರವನ್ನು ಅವರು ಹೊಸ ಶಿಷ್ಯನಿಗೆ ವಹಿಸಿದರು. ಹೋರ್ನಿಕೀವಿಚ್ ಅವರು ಗಿನಿಯಿಲಿಗಳ ರಕ್ತದೊತ್ತಡದ ಮೇಲೆ ಅದರ ಪರಿಣಾಮವನ್ನು ಅಳೆದು, ಗುರುವಿನ ಊಹೆಗೆ ಆಧಾರವನ್ನು ಒದಗಿಸಿದರು. ವಿಯೆನ್ನಾಕ್ಕೆ ಮರಳುವಾಗ ಅವರು ತಂದುದು ಈ ಒಂದು ವಸ್ತುವಿನ ಮೇಲಿನ ಪಟ್ಟುಬಿಡದ ಆಸಕ್ತಿಯನ್ನು.

ಬಣ್ಣವೇರದ ನಳಿಗೆ

ಸ್ಟ್ರಯೇಟಮಿನಲ್ಲಿ ಡೋಪಮೀನ್ ಇದೆಯೆಂಬ ಸುದ್ದಿಯನ್ನೋದಿದ ಕೂಡಲೆ ಹೋರ್ನಿಕೀವಿಚ್ ಅವರಿಗೆ ಒಂದು ಆಲೋಚನೆ ಹೊಳೆಯಿತು. ರಿಸರ್ಪಿನ್ ಡೋಪಮೀನನ್ನು ಬರಿದು ಮಾಡಿ ಕಂಪವಾತದಂತಹ ಸ್ಥಿತಿಯನ್ನು ತರುವುದಾದರೆ, ನಿಜವಾದ ಕಂಪವಾತದವರ ಮೆದುಳಿನಲ್ಲಿ ಡೋಪಮೀನ್ ಎಷ್ಟಿದೆ? ಮೊಲದಲ್ಲಲ್ಲ, ಮನುಷ್ಯನಲ್ಲಿಯೇ ನೋಡಬೇಕು. ಮರಣಾನಂತರ ತೆಗೆದ ಮೆದುಳುಗಳನ್ನು ಅವರೂ ಅವರ ಜೊತೆಗಾರ ಎರಿಂಗರ್ ಎಂಬವರೂ ಪರೀಕ್ಷಿಸತೊಡಗಿದರು.

ಅವರ ಬಳಿ ಬೆಥೆಸ್ಡಾದ ಯಂತ್ರವಿರಲಿಲ್ಲ. ಅಯೋಡಿನ್ ಸೇರಿಸಿದರೆ ಡೋಪಮೀನ್ ಇರುವ ದ್ರವವು ನಸುಗೆಂಪಾಗುವ ಒಂದು ಹಳೆಯ ಪರೀಕ್ಷೆಯೇ ಅವರಿಗೆ ಆಧಾರ. ಬೇರೆ ಕಾರಣದಿಂದ ಸತ್ತವರ ಸ್ಟ್ರಯೇಟಮಿನ ಸಾರವಿದ್ದ ನಳಿಗೆ ಕೆಂಪಾಯಿತು. ಕಂಪವಾತದವರ ನಳಿಗೆಯಲ್ಲಿ ಬಣ್ಣವೇರಲಿಲ್ಲ. ಮಾಪಕದಲ್ಲಿಡುವ ಮೊದಲೇ, ಬರಿಗಣ್ಣಿನಿಂದಲೇ, ರೋಗದ ಗುಟ್ಟು ಕಂಡಿತೆಂದು ಅವರು ಮುಂದೆ ನೆನೆದಿದ್ದಾರೆ. ಶತಮಾನ ಒಂದೂವರೆಯಾಗುತ್ತ ಬಂದಿದ್ದ ಪ್ರಶ್ನೆಗೆ ಒಂದು ನಳಿಗೆಯ ಬಿಳುಪು ಉತ್ತರವಾಯಿತು. ಹದಿನೇಳು ನಿರೋಗಿ ಮೆದುಳುಗಳೊಡನೆ ಆರು ಕಂಪವಾತದ ಮೆದುಳುಗಳನ್ನು ಹೋಲಿಸಿದ ಈ ಲೇಖನವು ೧೯೬೦ರ ಡಿಸೆಂಬರಿನಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು. ಟ್ರೆಟಿಯಾಕಾಫನು ಕಂಡ ಕಪ್ಪು ಕೋಶಗಳ ಕೆಲಸವು ಮುಂದಿನ ಕೆಲವೇ ವರ್ಷಗಳಲ್ಲಿ ಸ್ಪಷ್ಟವಾಯಿತು: ಅವು ಡೋಪಮೀನನ್ನು ತಯಾರಿಸಿ ತಮ್ಮ ಎಳೆಗಳ ಮೂಲಕ ಸ್ಟ್ರಯೇಟಮಿಗೆ ಸಾಗಿಸುವುವು. ಕೋಶಗಳು ಸತ್ತರೆ ಆ ಪೂರೈಕೆ ನಿಲ್ಲುವುದು.

ಕಾಣೆಯಾದುದನ್ನು ತುಂಬಬಹುದೆ? ಡೋಪಮೀನನ್ನೇ ಕೊಟ್ಟರೆ ಅದು ರಕ್ತದಿಂದ ಮೆದುಳಿಗೆ ದಾಟದು. ಡೋಪಾ ದಾಟಬಲ್ಲುದು. ಹೋರ್ನಿಕೀವಿಚ್ ಅವರು ತಮ್ಮಲ್ಲಿದ್ದ ಸ್ವಲ್ಪ ಎಲ್-ಡೋಪಾವನ್ನು ಲೈನ್ಸ್ ಎಂಬಲ್ಲಿಯ ವೃದ್ಧಾಶ್ರಮದ ವೈದ್ಯರಾದ ವಾಲ್ಟರ್ ಬಿರ್ಕ್‌ಮೇಯರರಿಗೆ ಕೊಟ್ಟರು. ಬಹಳ ತಿಂಗಳು ತಡವಾಗಿ, ೧೯೬೧ರ ಜುಲೈಯಲ್ಲಿ, ಮೊದಲ ಚುಚ್ಚುಮದ್ದು ನಡೆಯಿತು. ಮಲಗಿದಲ್ಲಿಂದ ಏಳಲಾರದವರು ಎದ್ದು ಕುಳಿತರು, ನಿಲ್ಲಲಾರದವರು ನಡೆದರು, ತೊದಲುತ್ತಿದ್ದ ಮಾತು ಸ್ಫುಟವಾಯಿತು. ಕೆಲವು ಗಂಟೆಗಳ ಮೇಲೆ ಮತ್ತೆ ಮೊದಲಿನಂತಾದರು. ಅದೇ ಸುಮಾರಿಗೆ ಕೆನಡಾದ ಮಾಂಟ್ರಿಯಾಲಿನಲ್ಲಿ ಬಾರ್ಬೋ ಮತ್ತು ಸಂಗಡಿಗರು ಎಲ್-ಡೋಪಾವನ್ನು ಬಾಯಿಯ ಮೂಲಕ ಕೊಟ್ಟು ಗುಣವನ್ನು ಕಂಡರು.

ಆದರೆ ಗುಗೆನ್‌ಹೈಮರನ್ನು ಕಾಡಿದ ವಾಂತಿಯೇ ಇಲ್ಲಿಯೂ ಅಡ್ಡಬಂದಿತು. ಅನೇಕರು ಈ ಚಿಕಿತ್ಸೆಯನ್ನು ಕೈಬಿಟ್ಟರು. ೧೯೬೭ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಶಾಲೆಯ ಜಾರ್ಜ್ ಕೋಟ್ಜಿಯಾಸ್ ಅವರು ಅತ್ಯಲ್ಪದಿಂದ ಆರಂಭಿಸಿ, ವಾರಗಟ್ಟಲೆ ತಾಳ್ಮೆಯಿಂದ ಪ್ರಮಾಣವನ್ನು ಏರಿಸುತ್ತ ಹೋಗಿ, ದಿನಕ್ಕೆ ಹಲವು ಗ್ರಾಮುಗಳವರೆಗೆ ಡೋಪಾವನ್ನು ಕೊಡಬಹುದೆಂದೂ ಆಗ ಗುಣವು ನಿಲ್ಲುವುದೆಂದೂ ತೋರಿಸಿದರು. ೧೯೭೦ರಲ್ಲಿ ಅಮೆರಿಕ ಸರ್ಕಾರವು ಎಲ್-ಡೋಪಾಕ್ಕೆ ಒಪ್ಪಿಗೆಯಿತ್ತಿತು. ಡೋಪಾ ಮೆದುಳನ್ನು ಸೇರುವ ಮುನ್ನ ಮೈಯಲ್ಲಿ ವ್ಯರ್ಥವಾಗದಂತೆ ತಡೆಯುವ ಇನ್ನೊಂದು ಮದ್ದನ್ನು ಅದರೊಡನೆ ಬೆರೆಸುವ ಪದ್ಧತಿಯು ಆ ದಶಕದಲ್ಲಿ ಬಂದು, ವಾಂತಿಯ ಉಪದ್ರವವೂ ಕಡಮೆಯಾಯಿತು. ನಮ್ಮ ಮಾಸ್ತರರು ನುಂಗುತ್ತಿದ್ದ ಗುಳಿಗೆಯೂ ಇದೇ.

ಉಳಿದ ಪ್ರಶ್ನೆ

ಇಲ್ಲಿಗೆ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಎಲ್-ಡೋಪಾ ಬರಿದಾದುದನ್ನು ತುಂಬುವುದೇ ಹೊರತು ಕೋಶಗಳ ಸಾವನ್ನು ತಡೆಯದು. ವರ್ಷಗಳು ಕಳೆದಂತೆ ಮದ್ದಿನ ಬಲವು ಬಂದು ಹೋಗುವಂತಾಗುತ್ತದೆ; ಹಲವರಿಗೆ ಮೈಯು ತಾನಾಗಿ ಹೊರಳಾಡುವ ತೊಂದರೆಯೂ ಉಂಟಾಗುತ್ತದೆ. ಏನು ಕಾಣೆಯಾಯಿತೆಂಬುದಕ್ಕೆ ಉತ್ತರ ಸಿಕ್ಕಿತು. ಏಕೆ ಕಾಣೆಯಾಯಿತೆಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಒಂದು ಸುಳಿವು ದುರಂತದಿಂದ ಬಂದಿತು. ೧೯೮೨ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಳ್ಳತನದಿಂದ ತಯಾರಿಸಿದ ಅಮಲಿನ ವಸ್ತುವನ್ನು ಚುಚ್ಚಿಕೊಂಡ ಕೆಲವು ತರುಣರು ಕೆಲವೇ ದಿನಗಳಲ್ಲಿ ಮುದುಕರಂತೆ ಮರಗಟ್ಟಿದರು. ವೈದ್ಯ ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಅವರ ಸಂಗಡಿಗರು ಇದರ ಮೂಲವನ್ನು ಹುಡುಕಿ, ಎಂಪಿಟಿಪಿ ಎಂಬ ಕಲಬೆರಕೆ ವಸ್ತುವು ಕೃಷ್ಣದ್ರವ್ಯದ ಕೋಶಗಳನ್ನೇ ಆರಿಸಿ ಕೊಲ್ಲುವುದೆಂದು ೧೯೮೩ರಲ್ಲಿ ಪ್ರಕಟಿಸಿದರು. ಕೋಶಕ್ಕೆ ಶಕ್ತಿಯನ್ನೊದಗಿಸುವ ಭಾಗವನ್ನು ಈ ವಿಷವು ಹಾಳುಮಾಡುತ್ತದೆ. ಕಳೆಗೆ ಹೊಡೆಯುವ ಪ್ಯಾರಾಕ್ವಾಟ್ ಎಂಬ ವಿಷಕ್ಕೂ ಇದಕ್ಕೂ ರಚನೆಯಲ್ಲಿ ಹೋಲಿಕೆಯಿದೆಯೆಂಬುದು ಕಂಡುಬಂದಾಗ ಗದ್ದೆ ತೋಟಗಳ ಔಷಧಗಳ ಕಡೆಗೆ ಸಂಶೋಧಕರ ಗಮನ ಹೋಯಿತು. ಕೀಟನಾಶಕ ಕಳೆನಾಶಕಗಳೊಡನೆ ಒಡನಾಡುವವರಲ್ಲಿ ಈ ರೋಗದ ಸಂಭವ ಹೆಚ್ಚೆಂದು ಹಲವು ಸಮೀಕ್ಷೆಗಳು ಅನಂತರ ಸೂಚಿಸಿವೆ.

ಇನ್ನೊಂದು ಸುಳಿವು ವಂಶದಿಂದ ಬಂದಿತು. ಇಟಲಿಯ ಒಂದು ದೊಡ್ಡ ಮನೆತನದಲ್ಲಿಯೂ ಗ್ರೀಸಿನ ಕೆಲವು ಕುಟುಂಬಗಳಲ್ಲಿಯೂ ಕಂಪವಾತವು ತಲೆಮಾರುಗಳಿಂದ ಇಳಿದು ಬಂದಿತ್ತು. ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನಿನ ಜೀನಿನಲ್ಲಿ ದೋಷವಿರುವುದೇ ಇದಕ್ಕೆ ಕಾರಣವೆಂದು ೧೯೯೭ರಲ್ಲಿ ತಿಳಿಯಿತು. ಅದೇ ವರ್ಷ ಕೇಂಬ್ರಿಜಿನ ಮಾರಿಯಾ ಗ್ರಾಜಿಯಾ ಸ್ಪಿಲ್ಲಾಂಟಿನಿ ಮತ್ತು ಸಂಗಡಿಗರು, ೧೯೧೨ರಲ್ಲಿ ಲೆವಿಯವರು ಕಂಡ ಆ ದುಂಡು ಕಣಗಳು ಈ ಪ್ರೋಟೀನಿನ ಮುದ್ದೆಗಳೇ ಎಂದು ತೋರಿಸಿದರು. ಎಂಬತ್ತೈದು ವರ್ಷಗಳ ಹಿಂದಿನ ಒಂದು ನೋಟಕ್ಕೆ ಹೀಗೆ ಅರ್ಥ ಬಂದಿತು. ನಡುಕವು ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ಈ ಮುದ್ದೆಗಳು ವಾಸನೆಯನ್ನರಿಯುವ ಭಾಗದಲ್ಲಿ ಮತ್ತು ಮೆದುಳಿನ ಕಾಂಡದ ಕೆಳಭಾಗದಲ್ಲಿ ಕಾಣಿಸಿಕೊಳ್ಳುವುವೆಂದು ೨೦೦೩ರಲ್ಲಿ ಜರ್ಮನಿಯ ಬ್ರಾಕ್ ಅವರು ಪ್ರತಿಪಾದಿಸಿದರು. ರೋಗಿಗಳಲ್ಲಿ ಅನೇಕರಿಗೆ ಮೊದಲು ಹೋಗುವುದು ಮೂಗಿನ ವಾಸನೆ. ತಮಗೆ ಮಲ್ಲಿಗೆಯ ಪರಿಮಳ ತಿಳಿಯುತ್ತಿಲ್ಲವೆಂದು ಮಾಸ್ತರರು ಎಷ್ಟೋ ಹಿಂದೆ ಅಂದದ್ದು ನಮಗೆ ಈಗ ನೆನಪಾಗುತ್ತದೆ.

ಆ ಪ್ರೋಟೀನು ಮುದ್ದೆಯಾಗುವುದೇಕೆ, ಮುದ್ದೆಯೇ ಕೊಲ್ಲುವುದೋ ಅಥವಾ ಕೊಲೆಯ ಕುರುಹು ಮಾತ್ರವೋ, ಎಂಬ ವಿಚಾರದಲ್ಲಿ ಇಂದಿಗೂ ಲೋಕದ ಎಷ್ಟೋ ಪ್ರಯೋಗಶಾಲೆಗಳಲ್ಲಿ ಡಾಕ್ಟರೇಟೋತ್ತರ ತರುಣ ತರುಣಿಯರು ದುಡಿಯುತ್ತಿದ್ದಾರೆ.

ಗೌರವದ ಮಾತು

೧೯೭೯ರಲ್ಲಿ ಕಾರ್ಲ್‌ಸನ್ ಮತ್ತು ಹೋರ್ನಿಕೀವಿಚ್ ಇಬ್ಬರಿಗೂ ಇಸ್ರೇಲಿನ ವುಲ್ಫ್ ಪಾರಿತೋಷಕವು ಸಂದಿತು. ೨೦೦೦ದ ನೊಬೆಲ್ ಪಾರಿತೋಷಕವು ಕಾರ್ಲ್‌ಸನ್ನರಿಗೂ ಬೇರೆ ಇಬ್ಬರಿಗೂ ದೊರೆತಾಗ ಹೋರ್ನಿಕೀವಿಚ್ ಅವರ ಹೆಸರು ಅದರಲ್ಲಿರಲಿಲ್ಲ. ಇನ್ನೂರಕ್ಕೂ ಹೆಚ್ಚು ವಿಜ್ಞಾನಿಗಳು ಬಹಿರಂಗ ಪತ್ರವನ್ನು ಬರೆದು ಇದನ್ನು ಆಕ್ಷೇಪಿಸಿದರು. ಕಾರ್ಲ್‌ಸನ್ನರು ೨೦೧೮ರಲ್ಲಿ, ಹೋರ್ನಿಕೀವಿಚ್ ಅವರು ೨೦೨೦ರಲ್ಲಿ ತೀರಿಕೊಂಡರು. ಪಾರಿತೋಷಕದ ನ್ಯಾಯಾನ್ಯಾಯವನ್ನು ತೂಗುವ ಯೋಗ್ಯತೆ ನಮಗಿಲ್ಲ. ತಮ್ಮ ಮೆದುಳನ್ನು ವಿಯೆನ್ನಾದ ಮೇಜಿನ ಮೇಲೆ ಬಿಟ್ಟುಹೋದ ಆ ಆರು ಮಂದಿಯ ಹೆಸರು ಯಾವ ಪಟ್ಟಿಯಲ್ಲಿಯೂ ಇಲ್ಲವೆಂಬುದನ್ನು ಮಾತ್ರ ನೆನೆಯಬೇಕು. ಬೆಂಗಳೂರಿನ ನಿಮ್ಹಾನ್ಸಿನಲ್ಲಿಯೂ ಸಂಶೋಧನೆಗಾಗಿ ದಾನ ಬಂದ ಮೆದುಳುಗಳನ್ನು ಕಾಪಿಡುವ ಒಂದು ಭಂಡಾರವುಂಟು. ಅಲ್ಲಿಯೂ ಹೆಸರಿಲ್ಲದ ದಾನಿಗಳೇ ಜ್ಞಾನಕ್ಕೆ ಆಧಾರ.

ಎಲ್ಲವೂ ನಮ್ಮ ಹಿಂದಿನವರಿಗೆ ತಿಳಿದಿತ್ತೆಂದು ಸರ್ಪಗಂಧವನ್ನೂ ನಸುಗುನ್ನಿಯನ್ನೂ ತೋರಿಸಿ ಬೀಗುವವರುಂಟು. ನಮ್ಮಲ್ಲಿ ಏನೂ ಇರಲಿಲ್ಲವೆನ್ನುವವರೂ ಉಂಟು. ಎರಡೂ ಇತಿಹಾಸಕ್ಕೆ ಒಪ್ಪುವ ಮಾತಲ್ಲ. ಬೇರು ನಮ್ಮದು, ಅದರ ದೋಷದಿಂದ ರೋಗದ ಗುಟ್ಟನ್ನು ಹೊರಡಿಸಿದ ಪ್ರಶ್ನೆ ಲುಂಡ್ ಮತ್ತು ವಿಯೆನ್ನಾದವರದು. ಬೀಜದಲ್ಲಿ ಎಲ್-ಡೋಪಾ ಇರುವುದು ದಿಟ. ಆದರೆ ಒಂದೊಂದು ಬೀಜದಲ್ಲಿ ಒಂದೊಂದು ಪ್ರಮಾಣವಿರುವುದರಿಂದ ವೈದ್ಯರನ್ನು ಕೇಳದೆ ಅದನ್ನು ಕುಟ್ಟಿ ಕುಡಿಯುವುದು ಅಪಾಯವೆಂದು ನಮ್ಮ ಹಳ್ಳಿಯ ಬಂಧುಗಳಲ್ಲಿ ಬಿನ್ನವಿಸುತ್ತೇವೆ.

ನಡವಳಿ ಪುಸ್ತಕದ ಆ ಕಿರಿಯ ಅಕ್ಷರಗಳನ್ನು ಈಗ ನಾವು ದೊಡ್ಡದಾಗಿ ನಕಲು ಮಾಡಿಡುತ್ತಿದ್ದೇವೆ. ಓದಿದಂತೆಲ್ಲ ಒಂದು ವಿಷಯ ಮನಸ್ಸಿಗೆ ತಟ್ಟುತ್ತದೆ. ಕೈ ಓಡದಿದ್ದರೂ ಮಾಸ್ತರರು ಒಂದು ಸಭೆಯ ವರದಿಯನ್ನೂ ಬಿಟ್ಟಿಲ್ಲ. ಹಾಜರಿದ್ದವರ ಹೆಸರುಗಳಲ್ಲಿ ಒಂದನ್ನೂ ಮರೆತಿಲ್ಲ. ಬೇಸರವಾಗಲಿ ಬಿಗುಮಾನವಾಗಲಿ ಇದ್ದವರ ಬರಹವಲ್ಲ ಅದು. ವಾಚಕರ ಮನೆಯಲ್ಲಿ ಅಥವಾ ನೆರೆಯಲ್ಲಿ ಹಿರಿಯರೊಬ್ಬರ ಅಕ್ಷರ ಕಿರಿದಾಗುತ್ತಿದ್ದರೆ, ಮುಖದ ನಗು ಮಾಸುತ್ತಿದ್ದರೆ, ಹೆಜ್ಜೆ ಎಳೆಯುತ್ತಿದ್ದರೆ, ಸ್ವಭಾವದ ಮೇಲೆ ತಪ್ಪು ಹೊರಿಸುವ ಮೊದಲು ಅವರನ್ನು ನರರೋಗದ ವೈದ್ಯರಲ್ಲಿಗೆ ಕರೆದೊಯ್ಯಿರಿ. ನಾವು ತಡಮಾಡಿದೆವು, ನೀವು ಮಾಡಬೇಡಿರಿ.